ಅಮ್ಮ ಮೂರನೇ ಮೆಟ್ಟಿಲಿನ ಮೇಲೆ ಯಾಕೆ ಕೂರುತ್ತಿದ್ದಳು

ನನ್ನ ತಂಗಿ ಡಬ್ಲಿನ್‌ನಲ್ಲಿದ್ದಾಳೆ. ವಾರಕ್ಕೆ ಮೂರ್ನಾಲ್ಕು ದಿನ, ನಮಗೆ ರಾತ್ರಿ ಹತ್ತರ ಹೊತ್ತು, ಅವಳು ಕೆಲಸ ಮುಗಿಸಿಕೊಂಡು ಅಮ್ಮನಿಗೆ ವಿಡಿಯೋ ಕಾಲ್ ಮಾಡುತ್ತಾಳೆ. ಫೋನ್ ಬಡಿದುಕೊಂಡ ತಕ್ಷಣ ಅಮ್ಮ ಮಂಚದಿಂದ ಏಳುತ್ತಿದ್ದಳು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಮಡಚಿದ ಟವೆಲ್ಲು. ಊಟದ ಟೇಬಲ್ ದಾಟಿ, ಮೆಟ್ಟಿಲ ಹತ್ತಿರ ಬಂದು, ಕಂಬಿ ಹಿಡಿದು ಎರಡು ಮೆಟ್ಟಿಲು ಹತ್ತಿ, ಮೂರನೆಯದರ ಮೇಲೆ ಟವೆಲ್ ಹಾಸಿ ಕೂರುತ್ತಿದ್ದಳು. ನಮ್ಮದು ಹಳೇ ಮೊಸಾಯಿಕ್ ಮೆಟ್ಟಿಲು, ರಾತ್ರಿ ತಣ್ಣಗಿರುತ್ತೆ. ಅಮ್ಮನಿಗೆ ಎಪ್ಪತ್ತೊಂದು. ಮಂಡಿ ನೋವು ಬೇರೆ.

ಎರಡು ವರ್ಷ ನಾನು ಇದನ್ನು ನೋಡಿದ್ದೇನೆ. ಮೇಲಿಂದ ಇಳಿದು ಬರುವಾಗ ಅಮ್ಮನ ಪಕ್ಕದಲ್ಲೇ ಜಾಗ ಮಾಡಿಕೊಂಡು ದಾಟಿದ್ದೇನೆ, ಬಗ್ಗಿ ತಂಗಿಗೆ ಕೈ ಬೀಸಿದ್ದೇನೆ. ಅಮ್ಮನಿಗೆ ಅಲ್ಲಿ ಕೂತು ಮಾತಾಡೋದು ಇಷ್ಟ ಅಂತಲೇ ಅಂದುಕೊಂಡಿದ್ದೆ. ಒಂದು ದಿನ ನನ್ನ ಮಗಳು ಕೇಳಿದಳು, "ಅಜ್ಜಿ, ಮಂಚದ ಮೇಲೆ ಆರಾಮಾಗಿ ಕೂತ್ಕೊಂಡು ಮಾತಾಡಬಾರದಾ?"

ಅಮ್ಮ ಹೇಳಿದಳು, "ಅಲ್ಲಿ ಚಿಕ್ಕಮ್ಮನ ಮುಖ ನಿಂತುಬಿಡುತ್ತೆ ಪುಟ್ಟಿ. ಇಲ್ಲಿ ಕೂತ್ರೆ ಅಲ್ಲಾಡುತ್ತೆ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೇಲಿನ ಮಹಡಿಯಲ್ಲಿ ನನ್ನ ಆಫೀಸ್ ಕಾಲ್ ಒಂದು ಸಲ ತಡವರಿಸಿದರೆ ಸಾಕು, ರೌಟರ್ ಆಫ್ ಮಾಡಿ ಆನ್ ಮಾಡಿ, ಕಂಪನಿಯವರಿಗೆ ಫೋನ್ ಹಚ್ಚಿ, ಅರ್ಧ ದಿನ ಅದರ ಹಿಂದೆ ಬೀಳುವವಳು ನಾನು. ಅಮ್ಮ ಒಂದು ದಿನಕ್ಕೂ ನೆಟ್ ಬರಲ್ಲ ಅಂತ ಹೇಳಿರಲಿಲ್ಲ. ಫೋನ್ ಹಿಡಿದುಕೊಂಡು ಮನೆಯೆಲ್ಲಾ ಓಡಾಡಿ, ಎಲ್ಲಿ ಮಗಳ ಮುಖ ಅಲ್ಲಾಡುತ್ತೋ ಆ ಜಾಗ ಹುಡುಕಿಕೊಂಡು, ಅಲ್ಲಿಗೆ ಹೋಗಿ ಕೂತಿದ್ದಳು. ಸಿಗ್ನಲ್ ಇಲ್ಲದ ಕಡೆ ಇರುವವರು ದೂರು ಹೇಳುವುದಿಲ್ಲ, ಜಾಗ ಬದಲಾಯಿಸಿಕೊಳ್ಳುತ್ತಾರೆ. ಇದು ಗೊತ್ತಾದ ಮೇಲೆ ಮನೆಯನ್ನೇ ಬೇರೆ ಥರ ನೋಡೋಕೆ ಶುರು ಮಾಡಿದೆ. ಮಗಳು ತನ್ನ ರೂಮು ಬಿಟ್ಟು ಊಟದ ಟೇಬಲ್ ಮೇಲೆ ಓದುತ್ತಾಳೆ, ಯಾಕೆ? ನನ್ನ ಗಂಡ ಮುಖ್ಯವಾದ ಮೀಟಿಂಗ್ ಇದ್ದರೆ ಬಾಲ್ಕನಿ ಬಾಗಿಲ ಹತ್ತಿರ ನಿಲ್ಲುತ್ತಾರೆ, ಯಾಕೆ? ಎಲ್ಲರೂ ಸುಮ್ನೆ ಸರಿದುಕೊಂಡಿದ್ದರು.

ಮಾರನೇ ದಿನ ಭಾನುವಾರ. ಮನೆಯೆಲ್ಲಾ ಅಳೆದುಬಿಡೋಣ ಅಂತ ನಿರ್ಧಾರ ಮಾಡಿದೆ. ಅಳೆಯೋಕೆ ಒಂದು ನಕ್ಷೆ ಬೇಕಲ್ವಾ? ಬಿಳಿ ಹಾಳೆ ಮೇಲೆ ನಾನು ಗೀಚುತ್ತಿದ್ದುದನ್ನು ನೋಡಿ ಅಪ್ಪ ಒಳಗೆ ಹೋದರು. ಬೀರು ತೆಗೆದ ಸದ್ದು ಕೇಳಿಸಿತು. ಬರುವಾಗ ಕೈಯಲ್ಲಿ ಮನೆಯ ಪ್ಲಾನ್ ಇತ್ತು. 1988ರದ್ದು. ನೀಲಿ ಬಣ್ಣ ಮಾಸಿ ನೇರಳೆ ಆಗಿದೆ, ಮಡಿಕೆಗಳಲ್ಲಿ ಹರಿದಿದೆ, ಹಿಂದೆ ಟೇಪ್ ಅಂಟಿಸಿದ್ದಾರೆ. ಅಂಚಿನಲ್ಲೆಲ್ಲಾ ಅಪ್ಪನ ಪೆನ್ಸಿಲ್ ಅಕ್ಷರ. ಅಪ್ಪ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದವರು. "ಇದನ್ನ ಝೆರಾಕ್ಸ್ ಮಾಡಿಸ್ಕೊಂಡು ಬಾ, ಅದರ ಮೇಲೆ ಬರೆಯೋಣ" ಅಂದರು. ಆಮೇಲೆ ನಡೆದ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಅಪ್ಪನದೇ.

ನಮ್ಮದು ವಿಜಯನಗರದಲ್ಲಿ ಮೂವತ್ತು ನಲವತ್ತರ ಸೈಟು. ಪೂರ್ವಕ್ಕೆ ಬಾಗಿಲು. ಬೆಂಗಳೂರಿನಲ್ಲಿ ಇಂಥ ಸೈಟಿನ ಮನೆ ನೋಡಿದವರಿಗೆ ಒಳಗಿನ ನಕ್ಷೆ ಹೇಳಬೇಕಾಗಿಲ್ಲ. ಈಶಾನ್ಯದಲ್ಲಿ ದೇವರ ಮನೆ, ಅದರ ಪಕ್ಕ ಹಾಲು, ಆಗ್ನೇಯದಲ್ಲಿ ಅಡುಗೆಮನೆ, ನೈಋತ್ಯದಲ್ಲಿ ಮನೆ ಯಜಮಾನರ ಮಲಗುವ ಕೋಣೆ. ಈಗ ಫೈಬರ್ ಎಲ್ಲಿಂದ ಬರುತ್ತೆ? ರಸ್ತೆ ಕಂಬದಿಂದ. ಕೇಬಲ್ ಎಳೆಯುವ ಹುಡುಗರು ಮುಂಬಾಗಿಲ ಪಕ್ಕದ ಕಿಟಕಿಯಲ್ಲಿ ತೂತು ಹೊಡೆದು, ಅಲ್ಲೇ ಟಿವಿ ಹಿಂದೆ ರೌಟರ್ ಇಟ್ಟು ಹೋಗುತ್ತಾರೆ. ಅಂದರೆ ರೌಟರ್ ಈಶಾನ್ಯದಲ್ಲಿ, ವಯಸ್ಸಾದವರ ಮಂಚ ನೈಋತ್ಯದಲ್ಲಿ. ಇಡೀ ಮನೆಯಲ್ಲಿ ಇದಕ್ಕಿಂತ ದೂರದ ಎರಡು ಮೂಲೆ ಸಿಗುವುದಿಲ್ಲ. ಈ ಒಂದು ಮಾತು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಅಮ್ಮ ಎರಡು ವರ್ಷ ತಣ್ಣನೆ ಮೆಟ್ಟಿಲ ಮೇಲೆ ಕೂರಬೇಕಾಗಿರಲಿಲ್ಲ.

"ಮೂವತ್ತು ನಲವತ್ತರ ಮೂಲೆಯಿಂದ ಮೂಲೆಗೆ ಐವತ್ತು ಅಡಿ" ಅಂದರು ಅಪ್ಪ. ಮೇಸ್ತ್ರಿಗಳು ಪಾಯ ಹಾಕುವಾಗ ಮೂರು, ನಾಲ್ಕು, ಐದರ ಲೆಕ್ಕದಲ್ಲಿ ದಾರ ಎಳೆದು ಮೂಲೆಮಟ್ಟ ನೋಡುತ್ತಾರಲ್ಲ, ಅದೇ ಲೆಕ್ಕ. ಸುತ್ತ ಬಿಟ್ಟ ಜಾಗ ಕಳೆದರೆ ಮನೆ ಒಳಗೆ ಇನ್ನೂ ಕಡಿಮೆ. ಐವತ್ತು ಅಡಿ ಅಂದರೆ 15 ಮೀಟರ್. ಬಯಲಿನಲ್ಲಾದರೆ ವೈಫೈಗೆ 15 ಮೀಟರ್ ಏನೂ ಅಲ್ಲ, ಒಳ್ಳೇ ಸಿಗ್ನಲ್ ಸಿಗುತ್ತೆ. ಹಾಗಾದರೆ ತೊಂದರೆ ದೂರದ್ದಲ್ಲ, ನಡುವೆ ಏನಿದೆ ಅನ್ನೋದು. ಅದು ಅಪ್ಪನಿಗೆ ಇಂಚಿಂಚೂ ಗೊತ್ತಿತ್ತು. ಹೊರಗಿನ ಗೋಡೆ, ರೂಮಿನ ಮುಖ್ಯ ಗೋಡೆ ಒಂಬತ್ತು ಇಂಚಿನ ಇಟ್ಟಿಗೆ. ನಡುವಿನ ಅಡ್ಡಗೋಡೆ ನಾಲ್ಕೂವರೆ. ಅಡುಗೆಮನೆಯ ಗೂಡಿನಲ್ಲಿ ಕಡಪ ಕಲ್ಲು. ಮೇಲಿನ ಮಹಡಿ 2009ರದ್ದು, ಆರಿಂಚಿನ ಸಾಲಿಡ್ ಬ್ಲಾಕು. ನಡುವೆ ಕಂಬಿ ಕಟ್ಟಿ ಹಾಕಿದ ಮೋಲ್ಡು. ಇನ್ನೊಂದು ವಿಷಯವನ್ನು ಅವರು ಪ್ಲಾನ್ ಮೇಲೆ ಸ್ಕೇಲ್ ಇಟ್ಟು ತೋರಿಸಿದರು. ರೌಟರಿನಿಂದ ಮಂಚಕ್ಕೆ ಗೆರೆ ಎಳೆದರೆ ಅದು ಗೋಡೆಯನ್ನು ನೇರವಾಗಿ ದಾಟುವುದಿಲ್ಲ, ಓರೆಯಾಗಿ ದಾಟುತ್ತೆ. 45 ಡಿಗ್ರಿ ಓರೆಯಲ್ಲಿ ಒಂಬತ್ತು ಇಂಚಿನ ಗೋಡೆ ಹೆಚ್ಚುಕಡಿಮೆ ಹದಿಮೂರು ಇಂಚಾಗುತ್ತೆ. ವೈಫೈ ಬಗ್ಗೆ ಒಂದಕ್ಷರ ಓದದ ಮನುಷ್ಯ ಇದನ್ನು ಹೇಳಿದಾಗ ನನಗೆ ತುಂಬಾ ಹೆಮ್ಮೆ ಆಯಿತು.

ಇನ್ನು ಅಳೆಯುವ ವಿಷಯ. ಫೋನಿನ ಮೇಲಿರುವ ಕಡ್ಡಿಗಳನ್ನು ನಂಬಬೇಡಿ. ಎಷ್ಟಕ್ಕೆ ಎಷ್ಟು ಕಡ್ಡಿ ಅನ್ನೋದು ಒಂದೊಂದು ಫೋನಿಗೆ ಒಂದೊಂದು ಥರ. ವೈಫೈ ಅಳೆಯುವ ಆ್ಯಪ್‌ಗಳು ಆಂಡ್ರಾಯ್ಡ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತವೆ, ಅವು ಸಿಗ್ನಲ್ ಶಕ್ತಿಯನ್ನು ಡಿಬಿಎಂ ಅನ್ನೋ ಅಳತೆಯಲ್ಲಿ, ಸಂಖ್ಯೆಯಾಗಿ ತೋರಿಸುತ್ತವೆ. ಮ್ಯಾಕ್ ಇದ್ದರೆ ಆಪ್ಷನ್ ಕೀ ಒತ್ತಿಕೊಂಡು ಮೇಲಿನ ವೈಫೈ ಗುರುತನ್ನು ಕ್ಲಿಕ್ ಮಾಡಿದರೆ ಅಲ್ಲೇ ಕಾಣುತ್ತೆ. ಸಂಖ್ಯೆ ಮೈನಸ್‌ನಲ್ಲಿರುತ್ತೆ, ಹಾಗಾಗಿ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ರೌಟರ್ ಪಕ್ಕದಲ್ಲಿ ಮೈನಸ್ 30 ಇರಬಹುದು. ಮೈನಸ್ 67ರ ತನಕ ವಿಡಿಯೋ ಕಾಲ್ ಸಲೀಸು. 70 ದಾಟಿದರೆ ತಡವರಿಕೆ ಶುರು, 80 ದಾಟಿದರೆ ನಂಬೋ ಹಾಗಿಲ್ಲ, 90ಕ್ಕೆ ಏನೂ ಇಲ್ಲ.

ಈ ಲೆಕ್ಕ ಮಾಮೂಲಿ ಲೆಕ್ಕ ಅಲ್ಲ. ಮೂರು ಕಮ್ಮಿಯಾದರೆ ಶಕ್ತಿ ಅರ್ಧ. ಹತ್ತು ಕಮ್ಮಿಯಾದರೆ ಹತ್ತನೇ ಒಂದು ಪಾಲು. ಹಾಲಿನಲ್ಲಿ ಮೈನಸ್ 40, ಮಂಚದ ಹತ್ತಿರ ಮೈನಸ್ 80 ಅಂದರೆ "ಅರ್ಧ" ಅಂತ ಅಲ್ಲ, ಹತ್ತು ಸಾವಿರದಲ್ಲಿ ಒಂದು ಪಾಲು. ಮೈನಸ್ 80 ಅಂದರೆ ಒಂದು ವ್ಯಾಟನ್ನು ಲಕ್ಷ ಕೋಟಿ ಪಾಲು ಮಾಡಿ ಅದರಲ್ಲಿ ಹತ್ತು ಪಾಲು ತೆಗೆದುಕೊಂಡ ಹಾಗೆ. ಅಷ್ಟರಲ್ಲೇ ಫೋನು ಹೇಗೋ ತಂಗಿಯ ದನಿ ಹಿಡಿದು ಕೊಡುತ್ತಿತ್ತು, ಮುಖ ಮಾತ್ರ ನಿಲ್ಲುತ್ತಿತ್ತು. ಫೋನಿನ ಮೇಲೆ ನನಗಿದ್ದ ಸಿಟ್ಟು ಅವತ್ತೇ ಹೋಯಿತು.

ಅಳೆಯುವಾಗ ಕಲಿತಿದ್ದು ಎರಡು ಇದೆ. ಒಂದು, ನಡೆಯುತ್ತಾ ನಡೆಯುತ್ತಾ ಅಳೆಯೋಕೆ ಆಗುವುದಿಲ್ಲ. ಆಂಡ್ರಾಯ್ಡ್ 9ರಿಂದ ಈಚೆಗೆ ಒಂದು ಆ್ಯಪ್ ಎರಡು ನಿಮಿಷಕ್ಕೆ ನಾಲ್ಕೇ ಸಲ ಸ್ಕ್ಯಾನ್ ಮಾಡಬಹುದು ಅಂತ ಕಟ್ಟು ಹಾಕಿದ್ದಾರೆ, ಹಾಗಾಗಿ ನೀವು ಅಡುಗೆಮನೆಗೆ ಬಂದಾಗ ಅದು ಇನ್ನೂ ಹಾಲಿನ ಸಂಖ್ಯೆಯನ್ನೇ ತೋರಿಸುತ್ತಿರಬಹುದು. ಪ್ರತಿ ಜಾಗದಲ್ಲೂ ಅರ್ಧ ನಿಮಿಷ ನಿಲ್ಲಬೇಕು. ನಮ್ಮ ಮೈಯೂ ಅಡ್ಡ ಬರುತ್ತೆ, ಮೈಯಲ್ಲಿ ನೀರೇ ಜಾಸ್ತಿ ಅಲ್ವಾ. ಅದಕ್ಕೆ ನಾಲ್ಕು ದಿಕ್ಕಿಗೂ ತಿರುಗಿ ನೋಡಬೇಕು. ಎರಡನೆಯದು ಇನ್ನೂ ಮುಖ್ಯ. ಮೊದಲು ನನ್ನ ಫೋನಿನಲ್ಲಿ ಅಳೆದೆ. ಆಮೇಲೆ ಅದೇ ಜಾಗದಲ್ಲಿ ಅಮ್ಮನ ಫೋನ್ ಇಟ್ಟರೆ ಆರೇಳು ಸಂಖ್ಯೆ ಕೆಳಗೆ. ಅಂದರೆ ನನಗೆ ಬಂದ ಸಿಗ್ನಲ್‌ನಲ್ಲಿ ಕಾಲು ಭಾಗ ಮಾತ್ರ ಅಮ್ಮನಿಗೆ. ನನ್ನ ಫೋನಿನಲ್ಲಿ ಚೆನ್ನಾಗಿದೆ ಅಂತ ನಾನು ಎಷ್ಟು ಸಲ ಅಮ್ಮನಿಗೆ ಹೇಳಿದ್ದೆನೋ. ಮನೆಯಲ್ಲಿ ಎಲ್ಲಕ್ಕಿಂತ ಹಳೇ ಫೋನು ಯಾರ ಹತ್ತಿರ ಇದೆಯೋ ಅದರಲ್ಲೇ ಅಳೆಯಿರಿ.

ನಾನು ನಿಂತು ಸಂಖ್ಯೆ ಹೇಳುತ್ತಾ ಹೋದೆ, ಅಪ್ಪ ಪ್ಲಾನ್ ಮೇಲೆ ಬರೆಯುತ್ತಾ ಬಂದರು. ಟಿವಿ ಮುಂದೆ 38. ಊಟದ ಟೇಬಲ್ 55. ಅಡುಗೆಮನೆ ಒಲೆ ಹತ್ತಿರ 66. ಮೂರನೇ ಮೆಟ್ಟಿಲು 61. ಅಲ್ಲಿ ನಿಂತು ಹಾಲಿನ ಕಡೆ ನೋಡಿದರೆ ನಡುವೆ ಗೋಡೆಯೇ ಇಲ್ಲ, ಕಮಾನಿನ ಮೂಲಕ ಟಿವಿ ನೇರವಾಗಿ ಕಾಣುತ್ತೆ. ಅಮ್ಮ ಯಾವ ಆ್ಯಪೂ ಇಲ್ಲದೆ ಮನೆಯ ಹಿಂಭಾಗದಲ್ಲಿ ಎಲ್ಲಕ್ಕಿಂತ ಒಳ್ಳೇ ಜಾಗ ಹುಡುಕಿಕೊಂಡಿದ್ದಳು. ಅವರ ರೂಮಿನ ಬಾಗಿಲಲ್ಲಿ 69. ಮಂಚದ ಮೇಲೆ 83.

ಅಪ್ಪ ಸಂಖ್ಯೆ ಬರೆದು ಸುಮ್ಮನಾಗಲಿಲ್ಲ. ಒಂದೇ ಸಂಖ್ಯೆ ಇರುವ ಜಾಗಗಳನ್ನು ಪೆನ್ಸಿಲಿನಲ್ಲಿ ಸೇರಿಸಿದರು. 50ರ ಗೆರೆ, 60ರ ಗೆರೆ, 70ರ ಗೆರೆ. ಬೆಟ್ಟಗುಡ್ಡದ ನಕ್ಷೆಯಲ್ಲಿ ಎತ್ತರದ ಗೆರೆ ಎಳೆಯುತ್ತಾರಲ್ಲ, ಹಾಗೆ. ಅಲ್ಲಿ ಗೆರೆಗಳು ಒತ್ತೊತ್ತಾಗಿ ಬಂದರೆ ಕಡಿದಾದ ಇಳಿಜಾರು ಅಂತ ಅರ್ಥ. ನಮ್ಮ ನಕ್ಷೆಯಲ್ಲಿ ಗೆರೆಗಳು ಅಮ್ಮನ ರೂಮಿನ ಗೋಡೆಯ ಒಂದು ತುಂಡಿನ ಮೇಲೆ ಒಂದರ ಮೇಲೊಂದು ಬಿದ್ದಿದ್ದವು. ಅದರ ಹಿಂದೆ ನಾಲಿಗೆ ಆಕಾರದಲ್ಲಿ ಒಂದು ನೆರಳು, ಸರಿಯಾಗಿ ಮಂಚದ ಮೇಲೆ. ಆ ಜಾಗದಲ್ಲಿ ಗೋಡೆಗೆ ಒರಗಿ ಏನಿದೆ? ಕಬ್ಬಿಣದ ಬೀರು. ಆಳೆತ್ತರ, ಬಾಗಿಲಿಗೆ ಕನ್ನಡಿ. ಲೋಹಕ್ಕೆ ಬಡಿದ ಅಲೆ ದಾಟುವುದಿಲ್ಲ, ವಾಪಸ್ ಹೋಗುತ್ತೆ. ಕನ್ನಡಿ ಹಿಂದಿನ ಲೇಪವೂ ಲೋಹದ್ದೇ.

ಬೀರುವನ್ನು ಮೂರಡಿ ಸರಿಸಿ ನೋಡಿದೆವು. 83 ಇದ್ದದ್ದು 76 ಆಯಿತು. ಏಳು ಸಂಖ್ಯೆ, ಐದು ಪಟ್ಟು ಶಕ್ತಿ, ಒಂದು ರೂಪಾಯಿ ಖರ್ಚಿಲ್ಲ. ಆದರೆ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಬೀರು ಅದೇ ಜಾಗದಲ್ಲೇ ಇರಬೇಕು, ಅದರ ಬಾಗಿಲು ಅದೇ ದಿಕ್ಕಿಗೇ ತೆಗೆಯಬೇಕು ಅನ್ನೋದು ಅವಳ ನಂಬಿಕೆ. ಮದುವೆಯಾಗಿ ಬಂದಾಗಿನಿಂದ ಹಾಗೇ ಇಟ್ಟುಕೊಂಡು ಬಂದವಳು. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ನಾನೂ ಅಪ್ಪನೂ ಬೀರುವನ್ನು ಮತ್ತೆ ಅದರ ಜಾಗಕ್ಕೆ ತಳ್ಳಿದೆವು. ಮನೆ ಇರೋದು ಅಮ್ಮನಿಗೆ, ರೌಟರಿಗಲ್ಲ.

ಇಲ್ಲಿ ಹೋದ ವರ್ಷದ ಒಂದು ತಪ್ಪನ್ನೂ ಹೇಳಬೇಕು, ಯಾಕಂದರೆ ತುಂಬಾ ಜನ ಇದನ್ನೇ ಮಾಡುತ್ತಾರೆ. ಮೇಲಿನ ಹಿಂದಿನ ರೂಮಿಗೆ ನೆಟ್ ಬರುತ್ತಿರಲಿಲ್ಲ ಅಂತ ಎರಡು ಸಾವಿರ ರೂಪಾಯಿ ಕೊಟ್ಟು ಎಕ್ಸ್‌ಟೆಂಡರ್ ತಂದೆ, ಎಲ್ಲಿ ಸಿಗ್ನಲ್ ಇಲ್ಲವೋ ಅಲ್ಲೇ ಚುಚ್ಚಿದೆ. ಫೋನಿನಲ್ಲಿ ಕಡ್ಡಿ ಪೂರ್ತಿ ಬಂತು. ನೆಟ್ ಮಾತ್ರ ಮೊದಲಿಗಿಂತ ಕಡೆ. ಕಡ್ಡಿ ತೋರಿಸೋದು ಫೋನಿಗೂ ಎಕ್ಸ್‌ಟೆಂಡರಿಗೂ ನಡುವಿನ ಸಿಗ್ನಲ್. ಎಕ್ಸ್‌ಟೆಂಡರಿಗೇ ಅಲ್ಲಿ ರೌಟರಿನ ಮಾತು ಕೇಳಿಸುತ್ತಿರಲಿಲ್ಲ! ತನಗೆ ಕೇಳಿಸದ್ದನ್ನು ಅದು ಇನ್ನೊಬ್ಬರಿಗೆ ಹೇಗೆ ಹೇಳುತ್ತೆ? ಇಡೋದಾದರೆ ಅರ್ಧ ದಾರಿಯಲ್ಲಿ, ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ಕಡೆ ಇಡಬೇಕು. ಆಗಲೂ ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದೇ ರೇಡಿಯೋದಲ್ಲಿ ಹೇಳಬೇಕಾದ್ದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ. ಮೆಶ್ ಅಂತ ಮಾರುವ ಜೋಡಿ ಡಬ್ಬಿಗಳಲ್ಲಿ ಒಳ್ಳೆಯವಕ್ಕೆ ತಮ್ಮೊಳಗೆ ಮಾತಾಡಿಕೊಳ್ಳೋಕೇ ಬೇರೆ ರೇಡಿಯೋ ಇರುತ್ತೆ. ಆದರೂ ನಡುವೆ ಮೋಲ್ಡು ಬಂದರೆ ಅವೂ ಸೋಲುತ್ತವೆ. ನನ್ನ ಅಭಿಪ್ರಾಯ ಕೇಳಿದರೆ, ಕೇಬಲ್ ಎಳೆಯೋಕೆ ದಾರಿ ಇದ್ದರೆ ಎಳೆದುಬಿಡಿ. ಬೇರೆ ಯಾವುದೂ ಅದಕ್ಕೆ ಸಮ ಅಲ್ಲ.

ರಾತ್ರಿ ಹೊತ್ತು ಯಾಕೆ ಜಾಸ್ತಿ ತೊಂದರೆ ಅನ್ನೋದೂ ಆ ವಾರದಲ್ಲೇ ಗೊತ್ತಾಯಿತು. ರಾತ್ರಿ ಹತ್ತಕ್ಕೆ ಅಮ್ಮನ ಮಂಚದ ಮೇಲೆ ಕೂತು ಸುತ್ತ ಕಾಣುವ ವೈಫೈ ಹೆಸರುಗಳನ್ನು ಎಣಿಸಿದೆ. ವೈಫೈ ಬಳಸುವ ಅಲೆಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್‌ನಲ್ಲೇ ಇಪ್ಪತ್ತಾರು. ನಮ್ಮ ಕಡೆ ಗೊತ್ತಲ್ಲ, ಕಿಟಕಿಯಿಂದ ಕೈ ಚಾಚಿದರೆ ಪಕ್ಕದ ಮನೆ ಗೋಡೆ. ಅವರ ಹಾಲಿನ ರೌಟರು ನಮ್ಮ ರೂಮಿಗೆ ನಮ್ಮದಕ್ಕಿಂತ ಹತ್ತಿರ. ಈ 2.4ರ ಜಾಗ ಇರೋದೇ ಕಿರಿದು. ಚಾನೆಲ್‌ಗಳು ಐದೈದು ಮೆಗಾಹರ್ಟ್ಸ್ ದೂರದಲ್ಲಿವೆ, ಒಂದು ವೈಫೈಗೆ ಬೇಕಾಗೋದು ಇಪ್ಪತ್ತು. ಹಾಗಾಗಿ ಒಂದಕ್ಕೊಂದು ತಾಗದ ಹಾಗೆ ಕೂರೋದು 1, 6, 11, ಮೂರೇ. ಒಂದೇ ಚಾನೆಲ್‌ನಲ್ಲಿರುವ ರೌಟರುಗಳು ಒಬ್ಬರು ಮಾತಾಡುವಾಗ ಇನ್ನೊಬ್ಬರು ಕಾಯುತ್ತವೆ, ನಿಧಾನ ಆದರೂ ಕೆಲಸ ನಡೆಯುತ್ತೆ. 3, 4, 8 ಅಂತ ನಡುವೆ ತೂರಿಕೊಂಡವು ಎರಡೂ ಕಡೆಗೆ ಬರೀ ಗದ್ದಲ. ನಮ್ಮದು 4ರಲ್ಲಿತ್ತು. ಅದನ್ನು 11ಕ್ಕೆ ಹಾಕಿದೆ, ನಮಗೂ ಪಕ್ಕದವರಿಗೂ ಅನುಕೂಲ. ಮೈಕ್ರೋವೇವ್ ಒಲೆ ಕೆಲಸ ಮಾಡೋದೂ 2.45ರಲ್ಲೇ, ಬ್ಲೂಟೂತ್ ಕೂಡ ಅಲ್ಲೇ. 2.4ರ ಈ ಜಾಗದಲ್ಲಿ ಯಾರಿಗೂ ಲೈಸೆನ್ಸ್ ಬೇಡ. ನಮ್ಮ ದೇಶದಲ್ಲಿ 2005ರಿಂದ ಹಾಗೆ.

5 ಗಿಗಾಹರ್ಟ್ಸ್‌ನಲ್ಲಿ ಜಾಗ ಬೇಕಾದಷ್ಟಿದೆ, 2018ರಲ್ಲಿ ಇನ್ನೂ ಜಾಸ್ತಿ ಬಿಟ್ಟುಕೊಟ್ಟರು. ಆದರೆ ಅದರ ಅಲೆ ಚಿಕ್ಕದು, ಐದಾರು ಸೆಂಟಿಮೀಟರ್, 2.4ರದ್ದು ಸುಮಾರು ಹನ್ನೆರಡೂವರೆ. ಇಟ್ಟಿಗೆ, ಕಾಂಕ್ರೀಟು ದಾಟುವಾಗ 5ರದ್ದು ಬೇಗ ಸೊರಗುತ್ತೆ. ಅಮ್ಮನ ಮಂಚದ ಹತ್ತಿರ ಅದು ಕಾಣುತ್ತಲೇ ಇರಲಿಲ್ಲ. ದೂರ ಬರೋದು ಗದ್ದಲದ್ದು, ಗದ್ದಲ ಇಲ್ಲದ್ದು ದೂರ ಬರೋದಿಲ್ಲ. ಅದಕ್ಕೇ ರೌಟರಿನ ಶಕ್ತಿ ಜಾಸ್ತಿ ಮಾಡೋದು ದಾರಿಯಲ್ಲ. ಜನ ಇರುವ ಕಡೆಗೇ ರೌಟರನ್ನು ತರಬೇಕು.

ತರೋದು ಹೇಗೆ? ಗೋಡೆ ಕೊರೆಯೋಕೆ ಅಪ್ಪ ಒಪ್ಪುವುದಿಲ್ಲ ಅಂತ ನನಗೆ ಗೊತ್ತಿತ್ತು. ಹೊರಗಡೆಯಿಂದ ಪೈಪ್ ಹಾಕಿ ಮೇಲೆ ಹೋಗೋಣ ಅಂತ ಯೋಚನೆ ಮಾಡುತ್ತಿದ್ದೆ. ಅಪ್ಪ ಹಳೇ ಪ್ಲಾನ್ ಮೇಲೆ ಬಗ್ಗಿ ಏನೋ ಹುಡುಕುತ್ತಿದ್ದರು. ಮೆಟ್ಟಿಲ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಚುಕ್ಕೆ, ಅದರಿಂದ ಬಾಣ, ಸಣ್ಣ ಅಕ್ಷರದಲ್ಲಿ "ಖಾಲಿ ಪೈಪು, ಫೋನಿಗೆ".

1988ರಲ್ಲಿ ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಆಗ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ನಮಗೆ ಬಂದಿದ್ದು 1994ರಲ್ಲಿ. ಮೇಲಿನ ಮಹಡಿಯೂ ಇರಲಿಲ್ಲ. ಆದರೂ ಅಪ್ಪ ಮೋಲ್ಡ್ ಹಾಕುವ ಹಿಂದಿನ ದಿನ, ಮುಂದೆ ಯಾವತ್ತಾದರೂ ಮೇಲೆ ಕಟ್ಟಿದರೆ, ಆಗ ಮನೆಗೆ ಫೋನೂ ಬಂದಿದ್ದರೆ, ಮೇಲಕ್ಕೊಂದು ಎಕ್ಸ್‌ಟೆನ್ಷನ್ ಬೇಕಾದೀತು ಅಂತ ಒಂದು ಖಾಲಿ ಪೈಪನ್ನು ಕಂಬಿಗೆ ಕಟ್ಟಿಸಿದ್ದರು. 2009ರಲ್ಲಿ ಮೇಲೆ ಗೋಡೆ ಎಬ್ಬಿಸುವಾಗ ಅದರ ತುದಿಯನ್ನು ಒಂದು ಬಾಕ್ಸಿಗೆ ಸೇರಿಸಿ ಮುಚ್ಚಿಸಿದ್ದರು. ಅಷ್ಟರಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್. ಪೈಪು ಹಾಗೇ ಉಳಿದಿತ್ತು.

ಎಲೆಕ್ಟ್ರಿಷಿಯನ್ ಬಂದರು. ಮೆಟ್ಟಿಲ ಕೆಳಗೆ ಅಪ್ಪ ತೋರಿಸಿದ ಜಾಗದಲ್ಲಿ ಸುಣ್ಣ ಕೆರೆದರೆ ಒಂದು ಸಿಮೆಂಟ್ ಮುಚ್ಚಳ. ಉಳಿಯಿಂದ ಎರಡೇಟು, ಅದು ಒಳಗೆ ಬಿತ್ತು. ಪೈಪಿನ ಬಾಯಲ್ಲಿ ಒಣಗಿದ ಕಣಜದ ಗೂಡು, ಮಣ್ಣಿನದು. ಅದನ್ನು ಉದುರಿಸಿ ವೈರ್ ಎಳೆಯುವ ಸ್ಪ್ರಿಂಗ್ ತೂರಿಸಿದರು. ಆರಡಿ ಹೋಗಿ ನಿಂತಿತು. ಮುಂದಕ್ಕೆ ಹೋಗಲ್ಲ. ಅವರು ಕೈ ಚೆಲ್ಲಿ "ಬ್ಲಾಕ್ ಆಗಿರಬೇಕು ಸಾರ್" ಅಂದರು. ಅಪ್ಪ ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಕೂತರು. "ಬ್ಲಾಕ್ ಅಲ್ಲಪ್ಪ. ಅಲ್ಲೊಂದು ಬೆಂಡ್ ಇದೆ, ಬೀಮ್ ತಪ್ಪಿಸೋಕೆ ಕೊಟ್ಟಿದ್ದು. ಸ್ವಲ್ಪ ಹಿಂದಕ್ಕೆ ಎಳಿ. ಈಗ ಬಲಕ್ಕೆ ತಿರುಗಿಸ್ಕೊಂಡು ತಳ್ಳು." ಸ್ಪ್ರಿಂಗ್ ಕರಕರ ಅಂದಿತು, ಆಮೇಲೆ ಸಲೀಸಾಗಿ ಹೋಯಿತು. ಮೇಲಿಂದ ಮಗಳು ಕೂಗಿದಳು, "ತಾತಾ, ಬಂತು!" ಮೂವತ್ತೇಳು ವರ್ಷದ ಧೂಳು ಅವಳ ಕೈ ಮೇಲೆ.

ಉಳಿದದ್ದು ಬೇಗ ಹೇಳುತ್ತೇನೆ. ಕೇಬಲ್ಲು, ಜ್ಯಾಕು ಎಲ್ಲಾ ಎಸ್.ಪಿ. ರೋಡಿನಿಂದ ತಂದೆ. ಕ್ಯಾಟ್ 6 ತಗೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ ತಗೊಳ್ಳಿ, ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಅಗ್ಗಕ್ಕೆ ಸಿಗುತ್ತೆ, ಬೇಡ. ಅದೇ ಕೇಬಲ್‌ನಲ್ಲಿ ಕರೆಂಟೂ ಕಳಿಸುವುದಾದರೆ ಅಂಥದ್ದು ಬಿಸಿಯಾಗುತ್ತೆ. ನೂರು ಮೀಟರ್ ತನಕ ಎಳೆಯಬಹುದು, ಇಂಥ ಮನೆಗೆ ಅದರ ಕಾಲು ಭಾಗವೂ ಬೇಡ. ಲೈಟಿನ ವೈರ್ ಹೋಗುವ ಪೈಪಿನಲ್ಲಿ ಮಾತ್ರ ಇದನ್ನು ಸೇರಿಸಬೇಡಿ. ಹಾಲಿನ ರೌಟರ್ ಹಾಗೇ ಇದೆ, ಅದರ ವೈಫೈ ಆಫ್. ಅದರಿಂದ ಎರಡು ಕೇಬಲ್ ಹೋಗಿವೆ. ಒಂದು ಊಟದ ಟೇಬಲ್ ಮೇಲಿನ ಚಾವಣಿಗೆ ಹೋಗಿ ಅಮ್ಮನ ರೂಮಿನ ಬಾಗಿಲ ಎದುರಿನ ಆ್ಯಕ್ಸೆಸ್ ಪಾಯಿಂಟ್‌ಗೆ, ಅಂದರೆ ವೈಫೈ ಹರಡುವ ಡಬ್ಬಿಗೆ ಸೇರುತ್ತೆ. ಇನ್ನೊಂದು ಅಪ್ಪನ ಪೈಪಿನಲ್ಲಿ ಮೇಲಕ್ಕೆ, ಅಲ್ಲಿನ ಅಂಥದ್ದೇ ಡಬ್ಬಿಗೆ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಬೇರೆ ಬೇರೆ ಚಾನೆಲ್. ಎರಡರ ಶಕ್ತಿಯನ್ನೂ ಕಮ್ಮಿ ಮಾಡಿದೆ. ಇದು ಕೇಳೋಕೆ ವಿಚಿತ್ರ, ಆದರೆ ಜೋರಾಗಿದ್ದರೆ ಫೋನು ಕೆಳಗಿನದ್ದನ್ನೇ ಹಿಡಿದುಕೊಂಡು ಮೇಲಕ್ಕೆ ಬರುತ್ತೆ, ಬಿಡೋದೇ ಇಲ್ಲ. ಯಾವಾಗ ಬಿಡಬೇಕು ಅಂತ ತೀರ್ಮಾನ ಮಾಡೋದು ಫೋನು. ಐಫೋನ್ ಮೈನಸ್ 70ಕ್ಕೆ ಇಳಿದ ಮೇಲೇ ಬೇರೆಯದನ್ನು ಹುಡುಕುತ್ತೆ. ಕರೆಂಟ್ ಹೋದಾಗಲೂ ನಡೆಯಲಿ ಅಂತ ಎಲ್ಲಕ್ಕೂ ಒಂದು ಸಣ್ಣ ಯುಪಿಎಸ್ ಇಟ್ಟಿದ್ದೇನೆ.

ಹೊಸ ಝೆರಾಕ್ಸ್ ಮೇಲೆ ಮತ್ತೆ ಅಳೆದೆವು. ಅದೇ ಅಮ್ಮನ ಫೋನು, ಅದೇ ಜಾಗ. ಬೀರು ಇದ್ದಲ್ಲೇ ಇದೆ. ಮಂಚದ ಮೇಲೆ 56, ಅದೂ 5 ಗಿಗಾಹರ್ಟ್ಸ್‌ನಲ್ಲಿ. ಅವತ್ತು ರಾತ್ರಿ ತಂಗಿ ಫೋನ್ ಮಾಡಿದಾಗ ಅಮ್ಮ ಅಭ್ಯಾಸಬಲದಿಂದ ಟವೆಲ್ ತೆಗೆದುಕೊಂಡು ಎದ್ದಳು. ಮಗಳು ಕೈ ಹಿಡಿದು ಕೂರಿಸಿದಳು. ಅಮ್ಮ ದಿಂಬಿಗೆ ಒರಗಿ, ಕಾಲು ಚಾಚಿ, ಮುಕ್ಕಾಲು ಗಂಟೆ ಮಾತಾಡಿದಳು. ತಂಗಿ ಮೊದಲು ಕೇಳಿದ್ದು, "ಅಮ್ಮಾ, ಹಿಂದೆ ಕಾಣೋದು ನಿನ್ನ ಮದುವೆ ಫೋಟೋ ಅಲ್ವಾ? ನೋಡಿ ಎಷ್ಟು ದಿನ ಆಯ್ತು!"

ಅಪ್ಪ ಹೊಸ ನಕ್ಷೆಗೆ ಗೆರೆ ಎಳೆದು, ಕೆಳಗೆ ತಾರೀಖು ಹಾಕಿ, ಹಳೆಯದರ ಜೊತೆ ಮಡಚಿಡುತ್ತಿದ್ದರು. ಇಸಿದುಕೊಂಡು ನೋಡಿದೆ. ಕೆಳಗಿನ ಮನೆ ತುಂಬಾ ಸಂಖ್ಯೆ. ಮೇಲಿನ ಮನೆಯನ್ನು ಪಕ್ಕದಲ್ಲಿ ಅಪ್ಪನೇ ಬರೆದಿದ್ದರು, ಅದರ ತುಂಬಾ ಸಂಖ್ಯೆ. ಅದರ ಮೇಲೆ ತಾರಸಿಯ ಚೌಕ. ಖಾಲಿ.

"ತಾರಸಿ ಅಳೀಲೇ ಇಲ್ವಲ್ಲ ಅಪ್ಪ?"

"ಅಲ್ಲಿ ಯಾರಿಗೆ ಬೇಕು?"

ಒಳಗಿನಿಂದ ಅಮ್ಮ ಹೇಳಿದಳು, "ಯಾರಿಗೆ ಬೇಕು ಅಂದ್ರೆ? ದಿನಾ ರಾತ್ರಿ ಹಾಲಿನಲ್ಲಿ ಕೂತು, ಬೆಳಿಗ್ಗೆ ಕೇಳೋ ಕಚೇರಿನೆಲ್ಲ ಫೋನಿಗೆ ಇಳಿಸ್ಕೊಂಡು ಹೋಗ್ತೀರಲ್ಲ, ಅದ್ಯಾಕೆ?"

ಅಪ್ಪ ಬೆಳಿಗ್ಗೆ ಆರಕ್ಕೆ ತಾರಸಿಗೆ ಹೋಗುತ್ತಾರೆ. ದಾಸವಾಳ, ನಂದಿಬಟ್ಟಲು, ಎರಡು ಕುಂಡದಲ್ಲಿ ದೊಡ್ಡಪತ್ರೆ. ನೀರು ಹಾಕಿ, ಟ್ಯಾಂಕಿನ ನೆರಳಲ್ಲಿ ಸ್ಟೂಲ್ ಹಾಕಿಕೊಂಡು ಏಳೂವರೆ ತನಕ ಸಂಗೀತ ಕೇಳುತ್ತಾರೆ. ಅವರ ಫೋನಿಗೆ ಹಾಕಿಸೋದು ಬರೀ ಕರೆ, ಮೆಸೇಜ್ ಇರುವ ರೀಚಾರ್ಜು. ಮನೆಯಲ್ಲಿ ವೈಫೈ ಇದೆಯಲ್ಲ, ಮತ್ಯಾಕೆ ಡೇಟಾ ಅಂತ.

ಮಾರನೇ ದಿನ ಬೆಳಿಗ್ಗೆ ನಾನೂ ಅವರ ಹಿಂದೆ ಹತ್ತಿದೆ. ಈ ಸಲ ಫೋನ್ ಅವರ ಕೈಯಲ್ಲಿ, ಪೆನ್ಸಿಲ್ ನನ್ನ ಕೈಯಲ್ಲಿ. ಸ್ಟೂಲಿನ ಮೇಲೆ ಕೂತು ಅರ್ಧ ನಿಮಿಷ ಕಾದರು. "ಎಂಬತ್ತಾರು." ಬರೆದುಕೊಂಡೆ. ಅವರು ಎದ್ದರು, ಸ್ಟೂಲನ್ನು ಒಂದು ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲ ಬಾಗಿಲ ಪಕ್ಕಕ್ಕೆ ಬಂದು, ಬಿಸಿಲಲ್ಲಿ ಇಟ್ಟು ಕೂತರು. ಮತ್ತೆ ಕಾದರು.

"ಇಲ್ಲಿ ಎಪ್ಪತ್ತಮೂರು. ಸಾಕು ಬಿಡು, ಇಲ್ಲೇ ಕೂತ್ಕೊಳ್ತೀನಿ."

"ಬೇಡ ಅಪ್ಪ, ಸ್ಟೂಲು ಟ್ಯಾಂಕ್ ಹತ್ತಿರಾನೇ ಇರಲಿ" ಅಂದು, ಕೇಬಲ್ ಎಷ್ಟು ಮೀಟರ್ ಬೇಕು ಅಂತ ನೋಡೋಕೆ ಟೇಪ್ ತರಲು ಕೆಳಗೆ ಹೋದೆ.